ಕುಲುಮೆಗೆ ಬಿದ್ದ ಡಾಲರ್, ಪೆಟ್ಟಿಗೆಯಲ್ಲಿ ಉಳಿದ ರೂಪಾಯಿ: ನಾಣ್ಯ ಅಪರೂಪ ಆಗೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹಳೇ ನಾಣ್ಯ ಅಂದ ತಕ್ಷಣ ನಿಮ್ಮಲ್ಲಿ ಹಲವರಿಗೆ ಮೊದಲು ನೆನಪಾಗೋದು ಮೊಬೈಲಿಗೆ ಬರೋ ಆ ಸಂದೇಶ ಇರಬೇಕು. ‘ವೈಷ್ಣೋದೇವಿ ಚಿತ್ರ ಇರುವ 5 ರೂಪಾಯಿ ನಾಣ್ಯ ನಿಮ್ಮ ಹತ್ತಿರ ಇದೆಯಾ? ಇದ್ದರೆ ನೀವು ಲಕ್ಷಾಧಿಪತಿ.’ ಕೆಳಗೆ ಒಂದು ಫೋನ್ ನಂಬರು. ಫೋನ್ ಮಾಡಿದರೆ ಆ ಕಡೆಯವರು ಬಹಳ ಮರ್ಯಾದೆಯಿಂದ ಮಾತಾಡ್ತಾರೆ. ನಾಣ್ಯದ ಫೋಟೊ ಕೇಳ್ತಾರೆ, ಹತ್ತು ಲಕ್ಷಕ್ಕೆ ವ್ಯಾಪಾರ ಕುದುರಿತು ಅಂತಾರೆ. ಆಮೇಲೆ ನೋಂದಣಿ ಶುಲ್ಕ ಅಂತ ಒಂದಿಷ್ಟು, ತೆರಿಗೆ ಅಂತ ಇನ್ನೊಂದಿಷ್ಟು. ದುಡ್ಡು ಹೋಗೋದು ಮಾತ್ರ ಈ ಕಡೆಯಿಂದ ಆ ಕಡೆಗೆ. ಇದು ಎಷ್ಟು ಹಬ್ಬಿತು ಅಂದ್ರೆ, 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಬೇಕಾಯ್ತು. ಹಳೇ ನೋಟು–ನಾಣ್ಯದ ಕೊಡುಕೊಳ್ಳುವಿಕೆಗೂ ನಮಗೂ ಸಂಬಂಧ ಇಲ್ಲ, ಅದಕ್ಕಾಗಿ ನಾವು ಯಾವ ಶುಲ್ಕ, ಕಮಿಷನ್ನೂ ಕೇಳಲ್ಲ, ನಮ್ಮ ಹೆಸರಲ್ಲಿ ವಸೂಲಿ ಮಾಡೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ಅದು ಹೇಳಿತು.

ಮೋಸ ಮಾಡೋರ ವಿಷಯ ಪೊಲೀಸರಿಗೆ ಬಿಡೋಣ. ನನಗೆ ಕುತೂಹಲ ಇರೋದು, ಈ ಮೋಸ ಯಾಕೆ ನಡೆಯುತ್ತೆ ಅನ್ನೋದರಲ್ಲಿ. ಅದು ನಡೆಯೋದು ನಮ್ಮ ತಲೆಯಲ್ಲಿ ಮೊದಲೇ ಕೂತಿರೋ ಎರಡು ನಂಬಿಕೆಗಳ ಮೇಲೆ. ಒಂದು, ಹಳೇದಾದರೆ ಬೆಲೆ ಜಾಸ್ತಿ. ಎರಡು, ಕಡಿಮೆ ಮುದ್ರಿಸಿದ್ದರೆ ಬೆಲೆ ಜಾಸ್ತಿ.

ಮೊದಲನೆಯದನ್ನ ಬೇಗ ಮುಗಿಸಬಹುದು. ನಮ್ಮ ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ನರ ಬೆಳ್ಳಿ ನಾಣ್ಯಗಳ ಒಂದು ನಿಧಿ ಸಿಕ್ಕಿತು. ಅಗಸ್ಟಸ್, ಟೈಬೀರಿಯಸ್ ಕಾಲದವು, ನೂರೈವತ್ತಕ್ಕೂ ಹೆಚ್ಚು. ಅಂದ್ರೆ ಎರಡು ಸಾವಿರ ವರ್ಷ ಹಳೇ ನಾಣ್ಯ ನಮ್ಮ ಊರಲ್ಲೇ ಗಡಿಗೆಗಟ್ಟಲೆ ಸಿಗುತ್ತೆ. ಇವತ್ತು ಯುರೋಪಿನಲ್ಲಿ ಸಾವಿರದ ಏಳುನೂರು ವರ್ಷ ಹಳೇ ರೋಮನ್ ತಾಮ್ರದ ನಾಣ್ಯ ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತೆ. ಅಷ್ಟು ದೂರ ಯಾಕೆ, ನಮ್ಮ ಮೈಸೂರಿನ ಕಂಠೀರಾಯ ಹಣ ತಗೊಳ್ಳಿ. ರಣಧೀರ ಕಂಠೀರವ ನರಸರಾಜ ಒಡೆಯರು ಆಳಿದ್ದು 1638ರಿಂದ 1659. ಅವರು ಹಾಕಿಸಿದ ನರಸಿಂಹನ ಚಿತ್ರದ ಆ ಪುಟ್ಟ ಚಿನ್ನದ ನಾಣ್ಯ ಬೆರಳ ತುದಿಯಲ್ಲಿ ಕೂರುವಷ್ಟೇ ದೊಡ್ಡದು. ಅದೇ ಅಚ್ಚಿನಲ್ಲಿ ಮುಂದೆಯೂ ಎಷ್ಟೋ ಕಾಲ ಹಾಕಿದರು. ಸಾಕಷ್ಟು ಉಳಿದಿವೆ, ಹಾಗಾಗಿ ಇವತ್ತಿಗೂ ಕೆಲವು ಸಾವಿರ ರೂಪಾಯಿಗೆ ಸಿಗುತ್ತೆ. ವಯಸ್ಸಿಗೂ ಬೆಲೆಗೂ ನೇರ ಸಂಬಂಧ ಇಲ್ಲ.

ಎರಡನೇ ನಂಬಿಕೆಯೇ ಈವತ್ತಿನ ವಿಷಯ. ಎಷ್ಟು ಮುದ್ರಣ ಆಯ್ತು ಅನ್ನೋದು ಅರ್ಧ ಲೆಕ್ಕ. ಎಷ್ಟು ಕರಗಿ ಹೋಯ್ತು ಅನ್ನೋದು ಉಳಿದರ್ಧ. ಈ ಉಳಿದರ್ಧ ಯಾವ ಪುಸ್ತಕದಲ್ಲೂ ಸರಿಯಾಗಿ ಬರೆದಿರಲ್ಲ. ಇದಕ್ಕೆ ನನಗೆ ಗೊತ್ತಿರೋ ಅತ್ಯುತ್ತಮ ಉದಾಹರಣೆ ಅಮೆರಿಕದ್ದು. ಆದರೆ ಅದರ ಒಂದು ತುಂಡು ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲೂ ಇರಬಹುದು.

ಹಬ್ಬದ ದಿನ ಲಕ್ಷ್ಮೀ ಪೂಜೆಗೆ ಅಂತ ಹೊರಗೆ ತೆಗೆಯೋ ಬೆಳ್ಳಿ ರೂಪಾಯಿ ಇರುತ್ತಲ್ಲ, ಐದನೇ ಜಾರ್ಜ್‌ನ ತಲೆ ಇರೋದು, ಅದರ ಹಿಂದೆ ಇಸವಿ ನೋಡಿ. 1918 ಅಥವಾ 1919 ಅಂತ ಇರೋ ಸಾಧ್ಯತೆ ಬಹಳ. ಆ ಎರಡು ವರ್ಷ ಕಲ್ಕತ್ತ ಮತ್ತು ಬಾಂಬೆ ಟಂಕಸಾಲೆಗಳು ಸೇರಿ ವರ್ಷಕ್ಕೆ 40 ಕೋಟಿಗೂ ಹೆಚ್ಚು ರೂಪಾಯಿ ಹಾಕಿದವು. ಮೈಸೂರು ಸಂಸ್ಥಾನದ ಸ್ವಂತ ಟಂಕಸಾಲೆ 1843ರಲ್ಲೇ ಮುಚ್ಚಿತ್ತು, ಹಾಗಾಗಿ ನಮ್ಮ ಸಂತೆಗಳಲ್ಲಿ ಓಡಾಡಿದ್ದೂ ಇದೇ ರೂಪಾಯಿ. ಇಷ್ಟೊಂದು ಬೆಳ್ಳಿ ಎಲ್ಲಿಂದ ಬಂತು? ಒಂದು ದೊಡ್ಡ ಪಾಲು ಅಮೆರಿಕದ ಡಾಲರ್ ನಾಣ್ಯಗಳನ್ನ ಕರಗಿಸಿದ್ದು.

ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಸಾವಧಾನ.

ಮೊದಲ ಮಹಾಯುದ್ಧ ನಡೀತಿದೆ. ಭಾರತದಿಂದ ಗೋಧಿ, ಸೆಣಬು, ಚರ್ಮ, ಹತ್ತಿ ಎಲ್ಲ ಬ್ರಿಟನ್ನಿನ ಯುದ್ಧಕ್ಕೆ ಹೋಗ್ತಿದೆ. ಅದಕ್ಕೆ ಬರಬೇಕಾದ ದುಡ್ಡು ಲಂಡನ್ನಿನಲ್ಲಿ ಲೆಕ್ಕದ ಪುಸ್ತಕದಲ್ಲಿ ಜಮೆ ಆಗುತ್ತೆ. ಆದರೆ ಇಲ್ಲಿ ಬೆಳೆ ಮಾರಿದ ರೈತನಿಗೆ ಕೈಗೆ ಬೆಳ್ಳಿ ರೂಪಾಯಿ ಬೇಕು. ಆಗ ನೋಟು ಅಂದರೆ ಒಂದು ಭರವಸೆ ಪತ್ರ. ಸರ್ಕಾರದ ಕರೆನ್ಸಿ ಕಚೇರಿಗೆ ಹೋಗಿ ನೋಟು ಕೊಟ್ಟರೆ ಅಷ್ಟೇ ಬೆಳ್ಳಿ ರೂಪಾಯಿ ಎಣಿಸಿ ಕೊಡಬೇಕಿತ್ತು. ಅತ್ತ ಪ್ರಪಂಚದಲ್ಲಿ ಬೆಳ್ಳಿಯ ಬೆಲೆ ಏರ್ತಾ ಇತ್ತು. ಯುದ್ಧಕಾಲದ ಬೇಡಿಕೆ ಒಂದು ಕಡೆ. ದೊಡ್ಡ ಬೆಳ್ಳಿ ನಾಡಾದ ಮೆಕ್ಸಿಕೊದಲ್ಲಿ ಕ್ರಾಂತಿಯ ಗಲಭೆ ಇನ್ನೊಂದು ಕಡೆ. ಏರಿ ಏರಿ ಎಲ್ಲಿಗೆ ಮುಟ್ಟಿತು ಅಂದ್ರೆ, ರೂಪಾಯಿಯನ್ನ ಖರ್ಚು ಮಾಡೋದಕ್ಕಿಂತ ಮೂಸೆಗೆ ಹಾಕಿ ಕರಗಿಸೋದೇ ಲಾಭ ಅನ್ನೋ ಸ್ಥಿತಿ. 1917ರಲ್ಲಿ ಸರ್ಕಾರ ನಾಣ್ಯ ಕರಗಿಸೋದನ್ನ ಅಪರಾಧ ಅಂತ ಸಾರಿತು. ನಮ್ಮ ಚಿನಿವಾರ ಪೇಟೆಗಳು ಅದನ್ನ ಎಷ್ಟು ಪಾಲಿಸಿರಬಹುದು ಅನ್ನೋದನ್ನ ನೀವೇ ಊಹಿಸಿ. ಒಂದು ತೊಲ ಅಂದರೇ ಒಂದು ರೂಪಾಯಿ ತೂಕ. ಅಕ್ಕಸಾಲಿಗನ ಪಾಲಿಗೆ ರೂಪಾಯಿ ಅನ್ನೋದು ತೂಗಿಟ್ಟ ಬೆಳ್ಳಿ, ಅಷ್ಟೇ.

ಬೆಳ್ಳಿ ಉಳಿಸೋಕೆ ಸರ್ಕಾರ 1917ರ ನವೆಂಬರ್ 30ರ ತಾರೀಖಿನಲ್ಲಿ ಒಂದು ರೂಪಾಯಿ ನೋಟು ತಂತು. 1918ರಲ್ಲಿ ಎರಡೂವರೆ ರೂಪಾಯಿ ನೋಟು, ಅಂದ್ರೆ ಎರಡು ರೂಪಾಯಿ ಎಂಟಾಣೆಯದು. ಜನ ನಂಬಲಿಲ್ಲ. ಬಾಂಬೆಯಲ್ಲಿ ನೋಟು ಹಿಡಿದುಕೊಂಡು ಬೆಳ್ಳಿಗಾಗಿ ನೂಕುನುಗ್ಗಲು ಶುರುವಾಯ್ತು. 1918ರ ಜೂನ್ ಮೊದಲ ವಾರದ ಹೊತ್ತಿಗೆ ನೋಟುಗಳ ಬೆಂಬಲಕ್ಕೆ ಇಟ್ಟ ಮೀಸಲಿನಲ್ಲಿ ಬೆಳ್ಳಿ ರೂಪಾಯಿ ಉಳಿದಿದ್ದು ನಾಲ್ಕು ಕೋಟಿ ಚಿಲ್ಲರೆ. ಇಡೀ ಭಾರತಕ್ಕೆ. ‘ನೋಟಿಗೆ ಬೆಳ್ಳಿ ಕೊಡೋಕೆ ಆಗಲ್ಲ’ ಅಂತ ಸರ್ಕಾರ ಹೇಳಿದ್ದರೆ ಯುದ್ಧದ ನಡುವೆ ಏನಾಗುತ್ತಿತ್ತೋ ಅನ್ನೋದು ಲಂಡನ್ನಿನ ನಿದ್ದೆ ಕೆಡಿಸಿತ್ತು.

ಇನ್ನು ಅಮೆರಿಕದ ಕಡೆ ನೋಡಿ. ಅಲ್ಲಿ ತದ್ವಿರುದ್ಧ ಪರಿಸ್ಥಿತಿ. ಅವರ ಖಜಾನೆಯಲ್ಲಿ ಯಾರಿಗೂ ಬೇಡವಾದ ಬೆಳ್ಳಿ ಡಾಲರ್ ನಾಣ್ಯ ಕೋಟಿ ಕೋಟಿ ಕೂತಿತ್ತು. ಪಶ್ಚಿಮದ ಗಣಿ ಮಾಲೀಕರ ಒತ್ತಡಕ್ಕೆ ಮಣಿದು 1878ರಲ್ಲಿ ಒಂದು ಕಾನೂನು ಮಾಡಿದ್ದರು: ಸರ್ಕಾರ ಪ್ರತಿ ತಿಂಗಳೂ ಬೆಳ್ಳಿ ಕೊಂಡು ಡಾಲರ್ ಹಾಕಲೇಬೇಕು. ಅಚ್ಚು ಕೆತ್ತಿದ ಜಾರ್ಜ್ ಮಾರ್ಗನ್ ಹೆಸರಿನಿಂದ ಇದಕ್ಕೆ ಮಾರ್ಗನ್ ಡಾಲರ್ ಅಂತಾರೆ. ತೂಕ 26.7 ಗ್ರಾಂ, ನಮ್ಮ ರೂಪಾಯಿಯ ಎರಡರಷ್ಟಕ್ಕಿಂತ ಹೆಚ್ಚು. ಜೇಬು ಜೋಲುತ್ತೆ ಅಂತ ಜನ ಮುಟ್ಟಲಿಲ್ಲ, ಬದಲಿಗೆ ಕಾಗದದ ಬೆಳ್ಳಿ ಸರ್ಟಿಫಿಕೇಟ್ ತಗೊಂಡರು. ನಾಣ್ಯಗಳು ಸಾವಿರದ ಚೀಲಗಳಲ್ಲಿ ನೆಲಮಾಳಿಗೆ ಸೇರಿದವು. 1904ರವರೆಗೂ ಇದೇ ಕತೆ.

ಬ್ರಿಟನ್ ಕೈಚಾಚಿತು. 1918ರ ಏಪ್ರಿಲ್ 23ರಂದು ಅಮೆರಿಕದಲ್ಲಿ ಪಿಟ್‌ಮನ್ ಕಾಯ್ದೆ ಬಂತು. ಕೀ ಪಿಟ್‌ಮನ್ ಅನ್ನೋರು ನೆವಾಡಾ ರಾಜ್ಯದ ಸೆನೆಟರ್. ನೆವಾಡಾ ಅಂದರೆ ಬೆಳ್ಳಿ ಗಣಿಗಳ ರಾಜ್ಯ. ಹಾಗಾಗಿ ಕಾಯ್ದೆಯಲ್ಲಿ ಒಂದು ಷರತ್ತು ಸೇರಿಕೊಂಡಿತು: ಎಷ್ಟು ಡಾಲರ್ ಕರಗಿಸ್ತೀರೋ ಅಷ್ಟೇ ಬೆಳ್ಳಿಯನ್ನ ಮತ್ತೆ ಅಮೆರಿಕದ ಗಣಿಗಳಿಂದಲೇ, ಔನ್ಸಿಗೆ ಒಂದು ಡಾಲರ್ ದರದಲ್ಲಿ ಕೊಂಡು, ಮತ್ತೆ ಡಾಲರ್ ಹಾಕಬೇಕು. ಯುದ್ಧ ಮುಗಿದು ಬೆಳ್ಳಿ ಬೆಲೆ ಕುಸಿದ ಮೇಲೂ ಗಣಿಯವರಿಗೆ ಆ ಒಂದು ಡಾಲರ್ ಸಿಗ್ತಾ ಹೋಯ್ತು. ಭಾರತದ ಸಂಕಟದಲ್ಲಿ ನೆವಾಡಾದವರು ತಮ್ಮ ಕೆಲಸ ಮಾಡಿಕೊಂಡರು ಅಂತ ಹೇಳೋದು ಕಟುವಾಗಬಹುದು, ಆದರೆ ಸುಳ್ಳಲ್ಲ.

ಒಟ್ಟು ಕರಗಿಸಿದ್ದು 27,02,32,722 ಡಾಲರ್ ನಾಣ್ಯ. ಈ ಸಂಖ್ಯೆ ಬಿಡಿಬಿಡಿಯಾಗಿ ದಾಖಲಾಗಿದೆ. ಅದರಲ್ಲಿ 25,91,21,554 ನಾಣ್ಯದ ಬೆಳ್ಳಿ ಬ್ರಿಟನ್‌ಗೆ, ಅಂದ್ರೆ ಭಾರತಕ್ಕೆ ಅಂತ ಮಾರಾಟ ಆಯ್ತು. ಲೆಕ್ಕ ಹಾಕಿದರೆ 6,200 ಟನ್ ಬೆಳ್ಳಿ. ಒಂದು ಡಾಲರ್‌ನಲ್ಲಿರೋ ಬೆಳ್ಳಿಯಿಂದ ಎರಡೂಕಾಲು ರೂಪಾಯಿ ಆಗುತ್ತೆ. ಹಾಗಾಗಿ ಸುಮಾರು 58 ಕೋಟಿ ರೂಪಾಯಿಗೆ ಆಗುವಷ್ಟು ಬೆಳ್ಳಿ. ಬೆಳ್ಳಿ ಬರ್ತಾ ಇದೆ ಅನ್ನೋ ಸುದ್ದಿಯೇ ನೂಕುನುಗ್ಗಲನ್ನ ಎಷ್ಟೋ ತಣ್ಣಗಾಗಿಸಿತು. ನಿಮ್ಮ ಕೈಲಿರೋ 1918ರ ರೂಪಾಯಿಯ ಬೆಳ್ಳಿ ಅದೇನಾ ಅಂತ ಖಚಿತವಾಗಿ ಹೇಳೋಕೆ ಆಗಲ್ಲ, ಕುಲುಮೆಯಲ್ಲಿ ಬೇರೆ ಬೆಳ್ಳಿಯೂ ಸೇರಿತ್ತು. ಆದರೆ ಸಾಧ್ಯತೆ ದೊಡ್ಡದೇ.

ಈಗ ಸಂಗ್ರಾಹಕರ ವಿಷಯಕ್ಕೆ ಬರ್ತೀನಿ. ಎಷ್ಟು ಕರಗಿಸಿದೆವು ಅಂತ ಕೊನೆಯ ಒಂದು ನಾಣ್ಯದವರೆಗೂ ಬರೆದಿಟ್ಟ ಅದೇ ಅಧಿಕಾರಿಗಳು, ಯಾವ ಇಸವಿಯವು, ಯಾವ ಟಂಕಸಾಲೆಯವು ಅಂತ ಒಂದು ಸಾಲೂ ಬರೆಯಲಿಲ್ಲ. ಅವರಿಗೆ ಅದು ಬರೀ ಬೆಳ್ಳಿ. 1904ರವರೆಗೆ ಹಾಕಿದ ಮಾರ್ಗನ್ ಡಾಲರ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೀಗೆ ಲೆಕ್ಕವಿಲ್ಲದೆ ಮಾಯ. ಅಂದರೆ ಅಧಿಕೃತ ಮುದ್ರಣ ಸಂಖ್ಯೆ ನೋಡಿ ‘ಇದು ಸಾಮಾನ್ಯ, ಇದು ಅಪರೂಪ’ ಅನ್ನೋ ಹಾಗೇ ಇಲ್ಲ.

1895ರ ಡಾಲರ್ ಉದಾಹರಣೆ ಕೇಳಿ. ಫಿಲಡೆಲ್ಫಿಯಾ ಟಂಕಸಾಲೆಯ ದಾಖಲೆ ಪ್ರಕಾರ ಆ ವರ್ಷ ಚಲಾವಣೆಗೆ ಅಂತ 12,000 ಹಾಕಿದ್ದಾರೆ. ಜೊತೆಗೆ ಸಂಗ್ರಾಹಕರಿಗೆ ಅಂತ ವಿಶೇಷ ಹೊಳಪಿನ 880 ಪ್ರೂಫ್ ನಾಣ್ಯ. ಈ ನೂರು ವರ್ಷಕ್ಕೂ ಮೀರಿದ ಹುಡುಕಾಟದಲ್ಲಿ ಆ 12,000ದಲ್ಲಿ ಒಂದೂ ಪತ್ತೆಯಾಗಿಲ್ಲ. ಅಷ್ಟೂ ಪಿಟ್‌ಮನ್ ಕುಲುಮೆಗೆ ಹೋದವು ಅಂತ ಬಹಳ ಕಾಲ ಜನ ನಂಬಿದ್ದರು. ದಾಖಲೆಯ ಸಂಖ್ಯೆಯೇ ತಪ್ಪು, ಅವು ಹುಟ್ಟಲೇ ಇಲ್ಲ ಅನ್ನೋರೂ ಇದ್ದಾರೆ. ಹಾಗಾಗಿ 1895 ಬೇಕು ಅಂದರೆ ಆ 880ರಲ್ಲಿ ಒಂದಕ್ಕೇ ಕಾಯಬೇಕು. ಹತ್ತಾರು ಸಾವಿರ ಡಾಲರ್ ಬೆಲೆ.

ಇನ್ನೊಂದು ಕತೆ ಇದಕ್ಕಿಂತ ಸ್ವಾರಸ್ಯ. 1903ರಲ್ಲಿ ನ್ಯೂ ಆರ್ಲಿಯನ್ಸ್ ಟಂಕಸಾಲೆ 44.5 ಲಕ್ಷ ಡಾಲರ್ ಹಾಕಿತು. ಆ ಟಂಕಸಾಲೆಯ ಗುರುತು ಹಿಂಬದಿಯಲ್ಲಿ ಒಂದು ಸಣ್ಣ ‘ಓ’ ಅಕ್ಷರ. ಇಷ್ಟು ಹಾಕಿದ್ದರೂ ಬಳಸದ, ಹೊಸದರಂತಿರೋ ನಾಣ್ಯ ಯಾರ ಕೈಗೂ ಸಿಗ್ತಿರಲಿಲ್ಲ. ಎಲ್ಲ ಕರಗಿ ರೂಪಾಯಿಯಾಯ್ತು ಅಂತಲೇ ಎಲ್ಲರ ತೀರ್ಮಾನ. 1960ರ ದಶಕದ ಆರಂಭಕ್ಕೆ ಬೆಲೆ ಪುಸ್ತಕದಲ್ಲಿ ಅದರ ಎದುರು 1,500 ಡಾಲರ್ ಅಂತ ಇತ್ತು. ಆಗಿನ ಅಮೆರಿಕದಲ್ಲಿ ಒಂದು ಹೊಸ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಹೆಚ್ಚುಕಮ್ಮಿ ಅಷ್ಟಕ್ಕೆ ಬರ್ತಿತ್ತು.

1962ರ ಕೊನೆಯಲ್ಲಿ ಕ್ರಿಸ್‌ಮಸ್ ಉಡುಗೊರೆಗೆ ಅಂತ ಬ್ಯಾಂಕುಗಳು ಎಂದಿನಂತೆ ಬೆಳ್ಳಿ ಡಾಲರ್ ಕೇಳಿದವು. ಹೊರಗಿದ್ದ ದಾಸ್ತಾನು ಸಾಲದೆ, ಫಿಲಡೆಲ್ಫಿಯಾದಲ್ಲಿ 1929ರಿಂದ ಮೊಹರು ಹಾಕಿ ಮುಚ್ಚಿದ್ದ ಒಂದು ಕೋಣೆ ತೆಗೆದರು. ಒಳಗೆ ನ್ಯೂ ಆರ್ಲಿಯನ್ಸ್ ಡಾಲರ್‌ಗಳ ಚೀಲದ ಮೇಲೆ ಚೀಲ. 1898, 1904, ಜೊತೆಗೆ ಆ 1903. ಟಂಕಸಾಲೆಯಿಂದ ಬಂದ ಹಾಗೇ ಹೊಳೀತಿದ್ದವು. ಗುಮಾಸ್ತರಿಗೆ ಅದರ ಮಹಿಮೆ ಗೊತ್ತಿಲ್ಲ. ಒಂದು ಡಾಲರ್‌ಗೆ ಒಂದು ಡಾಲರ್ ಅಂತ ಬ್ಯಾಂಕುಗಳಿಗೆ ಕಳಿಸಿಬಿಟ್ಟರು.

1,500 ಡಾಲರ್ ನಾಣ್ಯ ನೋಡನೋಡುತ್ತಾ 30 ಡಾಲರ್ ಆಸುಪಾಸಿಗೆ ಬಿತ್ತು. ಹಿಂದಿನ ವರ್ಷ ಅದನ್ನ ಕೊಂಡು ಬೀರುವಿನಲ್ಲಿಟ್ಟಿದ್ದವನ ಮುಖ ನೆನೆಸಿಕೊಳ್ಳಿ. ನಾಣ್ಯ ಅದೇ, ತೂಕ ಅದೇ, ಹೊಳಪು ಅದೇ. ಅವನು ಕೊಂಡಿದ್ದು ಬೆಳ್ಳಿಯನ್ನಲ್ಲ, ‘ಉಳಿದವೆಲ್ಲ ಕರಗಿವೆ’ ಅನ್ನೋ ನಂಬಿಕೆಯನ್ನ. ಅದು ಸುಳ್ಳಾಯ್ತು. 1898ರ ಮತ್ತು 1904ರ ‘ಓ’ ಡಾಲರ್‌ಗಳೂ ಅಲ್ಲಿಯವರೆಗೆ ದುಬಾರಿ ನಾಣ್ಯಗಳೇ. ಇವತ್ತು ಅವು ಮಾರ್ಗನ್ ಸರಣಿಯಲ್ಲೇ ಅತಿ ಸಾಮಾನ್ಯವಾದವುಗಳ ಪಟ್ಟಿಯಲ್ಲಿವೆ. 1903 ಸ್ವಲ್ಪ ಚೇತರಿಸಿಕೊಂಡು ಕೆಲವು ನೂರು ಡಾಲರ್‌ನಲ್ಲಿ ನಿಂತಿದೆ.

ಸುದ್ದಿ ಹರಡಿದ್ದೇ ತಡ, ಜನ ಬೆಳ್ಳಿ ಸರ್ಟಿಫಿಕೇಟ್ ಹಿಡಿದು ವಾಷಿಂಗ್ಟನ್ನಿನ ಖಜಾನೆ ಮುಂದೆ ಸಾಲು ನಿಂತರು. 1964ರ ಮಾರ್ಚ್‌ನಲ್ಲಿ ಸರ್ಕಾರ ಕೊಡೋದನ್ನ ನಿಲ್ಲಿಸಿತು. ಆಗ ಚೀಲ ಎಣಿಸಿ ನೋಡಿದರೆ, ನೆವಾಡಾದ ಕಾರ್ಸನ್ ಸಿಟಿ ಟಂಕಸಾಲೆಯ ಹತ್ತಿರ ಹತ್ತಿರ 30 ಲಕ್ಷ ಡಾಲರ್ ಇನ್ನೂ ಅಲ್ಲೇ. ಈ ಸಲ ಸರ್ಕಾರ ಬುದ್ಧಿವಂತಿಕೆ ಕಲಿತಿತ್ತು. ಮುಖಬೆಲೆಗೆ ಕೊಡದೆ, 1972ರಿಂದ 1980ರವರೆಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಸಂಗ್ರಾಹಕರಿಗೇ ಮಾರಿತು.

ಸರಿ, ನಮ್ಮ ಕಡೆ ಬರೋಣ. ನಮ್ಮಲ್ಲೂ ಕುಲುಮೆ ಕಡಿಮೆ ಕೆಲಸ ಮಾಡಿಲ್ಲ.

ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ 1911ರಲ್ಲಿ ಹಾಕಿದ ಮೊದಲ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲೆ ಪದಕದ ಸರ ಇದೆ, ಅದರಲ್ಲಿ ಒಂದು ಆನೆ. ಕೆತ್ತಿದವನ ಕೈ ಚಳಕವೋ ಕೈ ತಪ್ಪೋ, ಆನೆಯ ಸೊಂಡಿಲು ಗಿಡ್ಡ, ಬಾಲ ಗಿಡ್ಡ. ನೋಡಿದವರಿಗೆ ಹಂದಿ ಥರ ಕಂಡಿತು. ಮುಸ್ಲಿಮರು ಆಕ್ಷೇಪಿಸಿದರು. 94 ಲಕ್ಷ ಹಾಕಿದ್ದರು, ಸುಮಾರು 7 ಲಕ್ಷ ಹೊರಗೆ ಹೋಗಿತ್ತು. ಉಳಿದವನ್ನ ಕರಗಿಸಿ, 1912ರಲ್ಲಿ ಆನೆಯನ್ನ ತಿದ್ದಿ ಹೊಸದು ಹಾಕಿದರು. ಇಂಗ್ಲಿಷಿನವರು ಇದನ್ನ ‘ಪಿಗ್ ರೂಪೀ’ ಅಂತಲೇ ಕರೆಯೋದು. ಕತೆ ಕೇಳಿದರೆ ಕೋಟಿ ಬಾಳಬೇಕು ಅನ್ನಿಸುತ್ತೆ. ಇಲ್ಲ. 7 ಲಕ್ಷ ಅನ್ನೋದು ಸಣ್ಣ ಸಂಖ್ಯೆಯೇನಲ್ಲ, ಬಹಳಷ್ಟು ಉಳಿದುಕೊಂಡಿವೆ. ಉಳಿದ ಜಾರ್ಜ್ ರೂಪಾಯಿಗಳಿಗಿಂತ ಹೆಚ್ಚು ಬೆಲೆ ಹೌದು, ಆದರೆ ಅದರಿಂದ ಯಾರೂ ಮನೆ ಕಟ್ಟಿಸಿಲ್ಲ.

1939ರ ರೂಪಾಯಿ ಮಾತ್ರ ನಿಜಕ್ಕೂ ಕಷ್ಟದ್ದು. ಆರನೇ ಜಾರ್ಜ್ ಕಾಲದ್ದು. ಆಗ ಎರಡನೇ ಮಹಾಯುದ್ಧ ಶುರು, ಮತ್ತದೇ ಬೆಳ್ಳಿ ಅಭಾವ. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನ ಶೇ 91.7ರಿಂದ ಶೇ 50ಕ್ಕೆ ಇಳಿಸಿದರು. ಹಳೇ ಶುದ್ಧ ಬೆಳ್ಳಿಯ ರೂಪಾಯಿಗಳನ್ನ ಒಂದೊಂದಾಗಿ ರದ್ದು ಮಾಡ್ತಾ ಬಂದರು. ವಿಕ್ಟೋರಿಯಾ ರಾಣಿಯವು 1941ರಲ್ಲಿ, ಎಡ್ವರ್ಡ್‌ನವು 1942ರಲ್ಲಿ, ಐದನೇ ಮತ್ತು ಆರನೇ ಜಾರ್ಜ್‌ರವು 1943ರ ಮೇ ತಿಂಗಳಿಂದ. ವಾಪಸ್ ಬಂದದ್ದೆಲ್ಲ ಕುಲುಮೆಗೆ. 1939ರ ಇಸವಿಯ ರೂಪಾಯಿ ಜನರ ಕೈಗೆ ಹೋಗಿದ್ದೇ ಕಡಿಮೆ. ಉಳಿದದ್ದು ಇನ್ನೂ ಕಡಿಮೆ. ಪಕ್ಕದ 1938ರದ್ದು ಸುಲಭವಾಗಿ ಸಿಗುತ್ತೆ, 1939ಕ್ಕೆ ಅದರ ಎಷ್ಟೋ ಪಟ್ಟು ಬೆಲೆ. ಇದರ ಫಲ ಏನು ಅಂದ್ರೆ, 1938ರ ಎಂಟನ್ನ ಕೆರೆದು ಒಂಬತ್ತು ಮಾಡೋ ಕಲೆ ಚೆನ್ನಾಗಿ ಬೆಳೆದಿದೆ. ಯಾರಾದರೂ 1939 ತೋರಿಸಿದರೆ ಭೂತಗನ್ನಡಿ ಹಿಡಿದು ಆ ಕೊನೆಯ ಅಂಕಿ ನೋಡಿ. ಕೆರೆದ ಕಡೆ ಬೆಳ್ಳಿಯ ಮೈ ಬೇರೆಯೇ ಕಾಣುತ್ತೆ.

ಇನ್ನೂ ಒಂದು ಸ್ವಾರಸ್ಯ ಇದೆ. ಎರಡನೇ ಯುದ್ಧದಲ್ಲೂ ಭಾರತಕ್ಕೆ ಬೆಳ್ಳಿ ಕೊಟ್ಟಿದ್ದು ಅಮೆರಿಕವೇ. 22.6 ಕೋಟಿ ಔನ್ಸ್, ಅಂದ್ರೆ ಸುಮಾರು 7,000 ಟನ್. ಆದರೆ ಈ ಸಲ ಮಾರಾಟ ಅಲ್ಲ, ಸಾಲ. ಯುದ್ಧ ಮುಗಿದ ಮೇಲೆ ಔನ್ಸಿಗೆ ಔನ್ಸ್ ಬೆಳ್ಳಿಯಲ್ಲೇ ವಾಪಸ್ ಕೊಡಬೇಕು. ಅದಕ್ಕೇ 1946–47ರಲ್ಲಿ ನಿಕಲ್ ನಾಣ್ಯ ಬಂತು. ಚಲಾವಣೆಯಲ್ಲಿದ್ದ ಅರ್ಧ ಬೆಳ್ಳಿಯ ರೂಪಾಯಿಗಳನ್ನ ಹಿಂದಕ್ಕೆ ತಗೊಂಡು, ಕರಗಿಸಿ, ಬೆಳ್ಳಿ ಬೇರ್ಪಡಿಸಿ, 1950ರ ದಶಕದಲ್ಲಿ ಭಾರತ, ಪಾಕಿಸ್ತಾನ ಎರಡೂ ಆ ಸಾಲ ತೀರಿಸಿದವು. ಮೊದಲ ಯುದ್ಧದಲ್ಲಿ ಡಾಲರ್ ಕರಗಿ ರೂಪಾಯಿ ಆಯ್ತು. ಎರಡನೇದರಲ್ಲಿ ರೂಪಾಯಿ ಕರಗಿ ಬೆಳ್ಳಿ ಗಟ್ಟಿಯಾಗಿ ಅಮೆರಿಕಕ್ಕೆ ಹೋಯ್ತು. ಸ್ವತಂತ್ರ ಭಾರತದ ಮೊದಲ ವರ್ಷಗಳಲ್ಲಿ ನಮ್ಮ ಅಜ್ಜ–ಅಜ್ಜಿಯರ ಕೈಯಿಂದ ಬೆಳ್ಳಿ ರೂಪಾಯಿ ಸದ್ದಿಲ್ಲದೆ ಜಾರಿ ಹೋಗಿದ್ದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಕಡಿಮೆ ಉಳಿದರೆ ಬೆಲೆ ಖಚಿತವಾ? ಅದೂ ಅಲ್ಲ. ದಕ್ಷಿಣದ ಸಣ್ಣಪುಟ್ಟ ಪಾಳೇಗಾರರು ಹಾಕಿಸಿದ ತಾಮ್ರದ ಕಾಸುಗಳಲ್ಲಿ ಬೆರಳೆಣಿಕೆಯಷ್ಟೇ ಸಿಕ್ಕಿರೋ ಬಗೆಗಳಿವೆ. ಬೆಲೆ ಕೇಳಿದರೆ ಕೆಲವು ನೂರು ರೂಪಾಯಿ. ಯಾಕಂದ್ರೆ ಬೇಕು ಅನ್ನೋರೂ ಬೆರಳೆಣಿಕೆಯಷ್ಟೇ. ಮಾರ್ಗನ್ ಡಾಲರ್ ಕೋಟಿಗಟ್ಟಲೆ ಇದ್ದರೂ ಅದನ್ನ ಇಸವಿವಾರು ಜೋಡಿಸೋ ಹುಚ್ಚು ಲಕ್ಷಾಂತರ ಜನಕ್ಕಿದೆ. ಆಲ್ಬಮ್ಮಿನಲ್ಲಿ ಒಂದು ಗುಳಿ ಖಾಲಿ ಇದ್ದರೆ ಅವರಿಗೆ ನಿದ್ದೆ ಬರಲ್ಲ, ಆ ಖಾಲಿ ಗುಳಿಗೇ ಅವರು ದುಡ್ಡು ಕೊಡೋದು. ಇತಿಹಾಸದ ದೃಷ್ಟಿಯಿಂದ ನನಗೆ ಆ ಪಾಳೇಗಾರರ ಕಾಸೇ ದೊಡ್ಡದು. ಇನ್ನೆಲ್ಲೂ ಹೆಸರಿಲ್ಲದ ಒಬ್ಬ ನಾಯಕ ಇದ್ದ ಅನ್ನೋದಕ್ಕೆ ಕೆಲವೊಮ್ಮೆ ಅದೊಂದೇ ಸಾಕ್ಷಿ. ಮಾರುಕಟ್ಟೆಗೆ ನನ್ನ ಅಭಿಪ್ರಾಯ ಬೇಕಿಲ್ಲ, ಬಿಡಿ.

ಕೆಲವೊಮ್ಮೆ ಕಾನೂನೂ ಬೆಲೆ ಕಟ್ಟುತ್ತೆ. ಅಮೆರಿಕದ 1933ರ ಇಪ್ಪತ್ತು ಡಾಲರ್ ಚಿನ್ನದ ನಾಣ್ಯ 4,45,500 ಹಾಕಿದ್ದರು. ಅದೇ ವರ್ಷ ರೂಸ್‌ವೆಲ್ಟ್ ಸರ್ಕಾರ ಜನರ ಕೈಲಿ ಚಿನ್ನದ ನಾಣ್ಯ ಇರಬಾರದು ಅಂತ ಆದೇಶ ಮಾಡಿದ್ದರಿಂದ ಅವು ಚಲಾವಣೆಗೆ ಬರಲೇ ಇಲ್ಲ, ಕರಗಿಹೋದವು. ಕೆಲವು ಮಾತ್ರ ಟಂಕಸಾಲೆಯಿಂದ ಕಳ್ಳದಾರಿಯಲ್ಲಿ ಹೊರಬಿದ್ದವು. ಅದರಲ್ಲೊಂದು ಈಜಿಪ್ಟಿನ ದೊರೆ ಫಾರೂಕ್ ಸಂಗ್ರಹ ಸೇರಿತು. ದಶಕಗಳ ನಂತರ ಆ ಒಂದಕ್ಕೆ ಮಾತ್ರ ಖಾಸಗಿಯವರು ಇಟ್ಟುಕೊಳ್ಳಬಹುದು ಅಂತ ಅನುಮತಿ ಸಿಕ್ಕಿ, 2002ರಲ್ಲಿ 75 ಲಕ್ಷ ಡಾಲರ್ ದಾಟಿ ಹರಾಜಾಯ್ತು, 2021ರಲ್ಲಿ 1.89 ಕೋಟಿ ಡಾಲರ್. ಇಲ್ಲೊಂದು ತಮಾಷೆ: 2002ರಲ್ಲಿ ಕೊಂಡವನು ಹರಾಜಿನ ಮೊತ್ತದ ಮೇಲೆ ಇನ್ನೂ 20 ಡಾಲರ್ ಕಟ್ಟಬೇಕಾಯ್ತು. ಟಂಕಸಾಲೆ ಆ ನಾಣ್ಯವನ್ನ ಅಧಿಕೃತವಾಗಿ ಬಿಡುಗಡೆ ಮಾಡಿದ್ದಕ್ಕೆ, ಅದರ ಮುಖಬೆಲೆ. ಅದೇ ಬಗೆಯ ಇನ್ನೂ ಹತ್ತು ನಾಣ್ಯ ಒಂದು ಕುಟುಂಬದ ಹತ್ತಿರ ಸಿಕ್ಕಾಗ, ಅವು ಕದ್ದ ಸರ್ಕಾರಿ ಸೊತ್ತು ಅಂತ ಕೋರ್ಟು ತೀರ್ಪು ಕೊಟ್ಟಿತು. ಕುಟುಂಬಕ್ಕೆ ಬಿಡಿಗಾಸೂ ಸಿಗಲಿಲ್ಲ. ಒಂದೇ ಅಚ್ಚು, ಒಂದೇ ಚಿನ್ನ.

ಇನ್ನು ನಿಮ್ಮ ಪೆಟ್ಟಿಗೆಯ ವಿಷಯ. ವೈಷ್ಣೋದೇವಿಯ 5 ರೂಪಾಯಿ ಚಲಾವಣೆಗೇ ಅಂತ ಹಾಕಿದ ನಾಣ್ಯ, ಅಂಗಡಿಯಲ್ಲಿ ಕೊಟ್ಟರೆ ಐದು ರೂಪಾಯಿ ಸಾಮಾನು ಬರುತ್ತೆ. 1818 ಅಂತ ಇಸವಿ, ಒಂದು ಕಡೆ ರಾಮ–ಸೀತೆ–ಲಕ್ಷ್ಮಣ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ ಅಂತ ಬರೆದ ದಪ್ಪ ‘ಒಂದು ಆಣೆ’ ಇದ್ದರೆ, ಅಂಥ ನಾಣ್ಯವನ್ನ ಕಂಪನಿ ಹೊರಡಿಸಲೇ ಇಲ್ಲ. ಅದು ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆ. ಅದಕ್ಕೆ ಮಿಂಚು ಎಳೆಯೋ ಶಕ್ತಿ ಇದೆ, ಅಕ್ಕಿ ಎಳೆಯುತ್ತೆ ಅಂತೆಲ್ಲ ಹೇಳಿ ಲಕ್ಷಗಟ್ಟಲೆ ಕಿತ್ತವರಿದ್ದಾರೆ. ಕಿವಿಗೊಡಬೇಡಿ.

1918ರ ರೂಪಾಯಿ ಇದ್ದರೆ ಅದರಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ ಇದೆ. ಬೆಲೆ ಬಹುತೇಕ ಆ ಬೆಳ್ಳಿಯದ್ದೇ. ಅದರ ಮೇಲೆ ಸ್ವಲ್ಪ ಸಿಗಬೇಕಾದರೆ ನಾಣ್ಯದ ಮೈ ಚೆನ್ನಾಗಿರಬೇಕು. ದಯವಿಟ್ಟು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಪೂಜೆಗೆ ಫಳಫಳ ಅನ್ನಬಹುದು, ಆದರೆ ಸಂಗ್ರಾಹಕರು ಹುಡುಕೋದು ವರ್ಷಗಟ್ಟಲೆ ಕೂತ ಆ ಕಪ್ಪು ಛಾಯೆಯನ್ನೇ. ಸರಕ್ಕೆ ಅಂತ ಕೊಂಡಿ ಬೆಸೆದಿದ್ದರೆ ಆ ನಾಣ್ಯವನ್ನ ಅವರು ಒಡವೆ ಅಂತಲೇ ಎಣಿಸ್ತಾರೆ. 1939 ಸಿಕ್ಕಿತು ಅನ್ನಿಸಿದರೆ ಒಬ್ಬರಲ್ಲ, ಇಬ್ಬರು ಮೂವರು ತಿಳಿದವರ ಹತ್ತಿರ ತೋರಿಸಿ. ಕೊಳ್ಳೋನು ದುಡ್ಡು ಕೊಡ್ತಾನೆ. ಮಾರೋಕೆ ಮುಂಚೆ ನಿಮ್ಮಿಂದಲೇ ದುಡ್ಡು ಕೇಳೋನು ಕೊಳ್ಳೋನಲ್ಲ.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ಗಡಿಗೆ ಸಿಕ್ಕಿದರೆ ವಿಷಯ ಬೇರೆ. ನಮ್ಮಲ್ಲಿ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಹೆದರಿಕೊಂಡು ರಾತ್ರೋರಾತ್ರಿ ಕರಗಿಸೋರಿಗೆ ಸಿಗೋದು ಚಿನ್ನದ ತೂಕದ ದುಡ್ಡು, ಅದೂ ಕದ್ದ ಮಾಲಿನ ದರದಲ್ಲಿ. ಯಶವಂತಪುರದ ಗಡಿಗೆಯಲ್ಲಿ ಯಾವ್ಯಾವ ದೊರೆಯ ನಾಣ್ಯ ಇತ್ತು ಅಂತ ನಮಗೆ ಗೊತ್ತಾಗಿದ್ದು, 1891ರಲ್ಲಿ ಯಾರೋ ಅದನ್ನ ಕರಗಿಸದೆ ವರದಿ ಮಾಡಿದ್ದರಿಂದ.

ಮುಂದಿನ ಸಂಚಿಕೆಯಲ್ಲಿ ಆ ಎರಡೂವರೆ ರೂಪಾಯಿ ನೋಟಿನ ಕತೆ.